ಅಳತೆಪಟ್ಟಿಯ ಮೇಲೆ ಒಂದು ಜೀವ

ಜಾರ್ಜಿಯಾದ ಲೇಕ್ ಲೇನಿಯರ್‌ನಲ್ಲಿ ಸ್ಪಾಟೆಡ್ ಬಾಸ್ ಹಿಡಿದು ಮನೆಗೆ ಒಯ್ಯಬೇಕಾದರೆ ಅದು 14 ಇಂಚಿಗೆ ಕಡಿಮೆ ಇರಕೂಡದು. ಬಾಯಿ ಮುಚ್ಚಿಸಿ, ಮೂತಿಯ ತುದಿಯಿಂದ ಬಾಲದ ತುದಿಯವರೆಗೆ ನೇರವಾಗಿ ಅಳೆಯಬೇಕು. ಹೊಟ್ಟೆಯ ಉಬ್ಬಿನ ಮೇಲೆ ಟೇಪು ಬಗ್ಗಿಸಿ ಅಳೆದರೆ ಅದು ಲೆಕ್ಕಕ್ಕಿಲ್ಲ. 14 ಮುಟ್ಟಿದರೆ ಇಲ್ಲಿಯವರ ಬಾಯಲ್ಲಿ ಅದು ‘ಕೀಪರ್’, ಮುಟ್ಟದಿದ್ದರೆ ‘ಶಾರ್ಟ್’. ಶಾರ್ಟ್ ಆದದ್ದನ್ನು ಕೂಡಲೇ ನೀರಿಗೆ ಬಿಡಬೇಕು. ಇದೇ ರಾಜ್ಯದ ಬೇರೆ ಜಲಾಶಯಗಳಲ್ಲಿ ಇದೇ ಮೀನಿಗೆ ಉದ್ದದ ಮಿತಿಯೇ ಇಲ್ಲ.

ಹದಿಮೂರೂಮುಕ್ಕಾಲು ಇಂಚಿನವರೆಗೆ ಇಲ್ಲದ ಹಕ್ಕು, ಒಂದು ಜೀವ ತೆಗೆಯುವ ಹಕ್ಕು, ಇನ್ನೊಂದು ಕಾಲು ಇಂಚಿನಲ್ಲಿ ಎಲ್ಲಿಂದ ಬರುತ್ತದೆ? ಬಿಟ್ಟದ್ದು ದಯೆಯೋ, ಬರೀ ಕಾಯಿದೆಗೆ ತಲೆಬಾಗಿದ್ದೋ? ನಾನು ವೇದಾಂತ ಕಲಿತವನಲ್ಲ. ಮೀನು ಹಿಡಿಯುವವರ ಮನೆಯಲ್ಲಿ ಹುಟ್ಟಿದವನು. ಮಲ್ಪೆ ಪಕ್ಕದ ಪಡುಕರೆ ನಮ್ಮೂರು. ಅಜ್ಜ ದೊಡ್ಡ ರಂಪಣಿ ಬಲೆಯಲ್ಲಿ ಪಾಲುದಾರರು, ಅಪ್ಪ ಕೈರಂಪಣಿ ಎಳೆದವರು. ಈಗ ನಾನಿರುವುದು ಅಟ್ಲಾಂಟಾದ ಉತ್ತರಕ್ಕೆ, ಫೋರ್ಸೈತ್ ಕೌಂಟಿಯಲ್ಲಿ. ನಮ್ಮ ದೇಶದವರು ತುಂಬಿಕೊಂಡಿರುವ ಈ ಕಡೆಯಿಂದ ಲೇನಿಯರ್‌ನ ದೋಣಿಕಟ್ಟೆ ತುಂಬ ದೂರವೇನಲ್ಲ. ಮೀನಿಲ್ಲದ ಊಟ ಒಗ್ಗದ ಕಾರಣಕ್ಕೆ ಗಾಳ ಹಿಡಿದವನು ನಾನು. ವಿಹಾರ ಎಂಬ ಮಾತು ಆಮೇಲೆ ಸೇರಿಕೊಂಡಿತು. ಈ ಪ್ರಶ್ನೆಯೂ ಹಾಗೇ ಆಮೇಲೆ ಬಂದದ್ದು. ಬಂದ ಮೇಲೆ ಬಿಡಲಿಲ್ಲ.

ನಮ್ಮ ಕಡೆ ಇಂಚಿನ ಲೆಕ್ಕ ಇರಲಿಲ್ಲ. ರಂಪಣಿ ದಡಕ್ಕೆ ಬಂದಾಗ ಅದರೊಳಗೆ ಬಂಗುಡೆ, ಬೂತಾಯಿ ಎಲ್ಲ ಗಾತ್ರದಲ್ಲೂ ಇರುತ್ತಿದ್ದವು. ಆಯ್ದು ಬಿಡುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ. ಆದರೆ ಕಾಲದ ಲೆಕ್ಕವಿತ್ತು. ಮಳೆಗಾಲದಲ್ಲಿ ಕಡಲಿಗೆ ಇಳಿಯುವುದಿಲ್ಲ; ನೂಲ ಹುಣ್ಣಿಮೆಯ ಹೊತ್ತಿಗೆ ಸಮುದ್ರಪೂಜೆ ಮಾಡಿ, ಹಾಲೆರೆದು, ತೆಂಗಿನಕಾಯಿ ಬಿಟ್ಟು, ಆಮೇಲೆ ಬಲೆ. ಅದರಲ್ಲಿ ಭಯ ಎಷ್ಟು, ಭಕ್ತಿ ಎಷ್ಟು, ಮೀನು ಮೊಟ್ಟೆಯಿಡುವ ಕಾಲದ ತಿಳಿವಳಿಕೆ ಎಷ್ಟು ಎಂದು ಬೇರ್ಪಡಿಸಿ ಹೇಳುವವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಈಗ ಅದೇ ರಜೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಸರ್ಕಾರದ ನಿಷೇಧವಾಗಿ ನಿಂತಿದೆ. ಉದ್ದದ ಮಿತಿಯೂ ನಮ್ಮ ಪಡುವಣ ಕರಾವಳಿಗೆ ಬಂದಾಯಿತು. ಕೇರಳದಲ್ಲಿ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿ ಹಿಡಿಯುವಂತಿಲ್ಲ.

ಸ್ಪಾಟೆಡ್ ಬಾಸ್ ಅನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹಸಿರು ಬೆನ್ನು, ಪಕ್ಕೆಯುದ್ದಕ್ಕೂ ಕಪ್ಪು ಮಚ್ಚೆಗಳ ಪಟ್ಟಿ, ಅದರ ಕೆಳಗೆ ಬಿಳಿ ಹೊಟ್ಟೆಯ ಮೇಲೆ ಸಾಲುಸಾಲಾಗಿ ಸಣ್ಣ ಚುಕ್ಕೆಗಳು. ಇದರ ದಾಯಾದಿಯಾದ ಲಾರ್ಜ್‌ಮೌತ್ ಬಾಸ್‌ನ ದವಡೆ ಕಣ್ಣಿನ ಆಚೆಗೂ ಚಾಚಿರುತ್ತದೆ. ಇದರದು ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ಇಷ್ಟಾದರೂ ಅನುಮಾನ ಉಳಿದರೆ ಬಾಯೊಳಗೆ ಬೆರಳಿಟ್ಟು ನಾಲಗೆ ಮುಟ್ಟಬೇಕು. ನಡುವೆ ಒಂದು ಒರಟು ತೇಪೆ ಸಿಗುತ್ತದೆ, ಮರಳುಕಾಗದ ಸವರಿದ ಹಾಗೆ. ಅವು ಹಲ್ಲುಗಳು. ಕೈ ಒದ್ದೆ ಮಾಡಿಕೊಂಡೇ ಹಿಡಿಯಬೇಕು. ಒಣಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ಆ ಲೋಳೆಯೇ ಅದಕ್ಕೆ ರೋಗದಿಂದ ರಕ್ಷೆ. ಇಷ್ಟೆಲ್ಲ ಹೊತ್ತು ಕಿವಿರು ತೆರೆದು ಮುಚ್ಚುತ್ತಲೇ ಇರುತ್ತದೆ, ರೆಪ್ಪೆಯಿಲ್ಲದ ಕಣ್ಣು ನಿಮ್ಮ ಕಡೆಗೇ ಇರುತ್ತದೆ. ಒಂದು ಜೀವದ ನಾಲಗೆ ಮುಟ್ಟಿ ಕುಲ ಪತ್ತೆಮಾಡಿ, ಅಳತೆಪಟ್ಟಿಯ ಮೇಲೆ ಮಲಗಿಸಿ ಆಯುಷ್ಯ ನಿರ್ಧರಿಸುವ ಕೆಲಸ ಇದು. ಹಗುರವಾಗಿ ಮಾಡುವಂಥದ್ದಲ್ಲ.

ಈ 14 ಇಂಚು ಎಲ್ಲಿಂದ ಬಂತೆಂದು ಕೇಳಿದರೆ ಉತ್ತರ ಸರಳ. ಮೀನು ಗಾಳಕ್ಕೆ ಸಿಗುವ ಮುನ್ನ ಒಮ್ಮೆಯಾದರೂ ಮರಿ ಮಾಡಲಿ. ಚಿಕ್ಕದರಲ್ಲೇ ಬುಟ್ಟಿ ಸೇರುವ ಬದಲು ಬೆಳೆಯಲಿ. ಕೆರೆಯಲ್ಲಿ ದೊಡ್ಡವು ಉಳಿಯಲಿ. ವಸಂತದಲ್ಲಿ ಗಂಡು ಬಾಸ್ ಬಾಲದಿಂದ ತಳದ ಜಲ್ಲಿ ಗುಡಿಸಿ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಕಾವಲು ಅಪ್ಪನದೇ. ಗೂಡಿನ ಹತ್ತಿರ ಬಂದ ಯಾವುದನ್ನಾದರೂ ಅಟ್ಟಿಸಿಕೊಂಡು ಹೋಗುತ್ತದೆ, ಆ ಕಾರಣಕ್ಕೇ ಗಾಳಕ್ಕೂ ಸುಲಭವಾಗಿ ಸಿಗುತ್ತದೆ. ಇಂಥದನ್ನೆಲ್ಲ ಲೆಕ್ಕಹಾಕಿ ಜೀವಶಾಸ್ತ್ರಜ್ಞರು ಒಂದು ಗೆರೆ ಎಳೆಯುತ್ತಾರೆ. ಒಂದೊಂದು ನೀರಿನಲ್ಲಿ ಆ ಗೆರೆ ಒಂದೊಂದು ಕಡೆ. ಮಿಸೌರಿಯ ಟೇಬಲ್ ರಾಕ್ ಲೇಕ್‌ನಲ್ಲಿ ಸ್ಪಾಟೆಡ್ ಬಾಸ್‌ಗೆ 15 ಇಂಚು, ಅದರ ಕೆಳಗೆ ಅದೇ ವೈಟ್ ನದಿಗೆ ಕಟ್ಟಿದ ಬುಲ್ ಶೋಲ್ಸ್‌ನಲ್ಲಿ 12. ಕೆಂಟಕಿ ರಾಜ್ಯ 1956ರಲ್ಲಿ ಸ್ಪಾಟೆಡ್ ಬಾಸ್ ಅನ್ನೇ ತನ್ನ ರಾಜ್ಯಮೀನು ಎಂದು ಗೌರವಿಸಿತು, ಆದರೆ ಅಲ್ಲಿನ ಸಾಮಾನ್ಯ ನಿಯಮದಲ್ಲಿ ಇದಕ್ಕೆ ಉದ್ದದ ಮಿತಿಯಿಲ್ಲ. ಟೆಕ್ಸಾಸ್‌ನಲ್ಲೂ ಇಲ್ಲ.

ಜಿಲ್ಲೆಯ ಗಡಿ ದಾಟಿದರೆ, ಅಣೆಕಟ್ಟಿನ ಈ ಬದಿಯಿಂದ ಆ ಬದಿಗೆ ಹೋದರೆ ಬದಲಾಗುವಂಥದ್ದು ಧರ್ಮವಾಗಿರಲಾರದು. ಅದು ಮನೆವಾರ್ತೆ. ಒಳ್ಳೆಯ ಮನೆವಾರ್ತೆ, ಅದನ್ನು ಪಾಲಿಸದವನ ಮೇಲೆ ನನಗೆ ಸಿಟ್ಟಿದೆ. ಆದರೆ ಕಾಯಿದೆ ನೋಡುವುದು ಸಂತತಿಯನ್ನು. ಅಳತೆಪಟ್ಟಿಯ ಮೇಲೆ ಕಿವಿರು ಬಡಿಯುತ್ತಿರುವ ಈ ಒಂದು ಮೀನು ಅದಕ್ಕೆ ಕಾಣುವುದಿಲ್ಲ, ಕಾಣಬೇಕೆಂದೂ ಇಲ್ಲ. ನೂರು ಶಾರ್ಟ್‌ಗಳಲ್ಲಿ ಕೆಲವು ಸತ್ತರೂ ಉಳಿದವು ಮರಿ ಮಾಡಿದರೆ ಕಾಯಿದೆ ಗೆದ್ದಂತೆ. ನಮ್ಮ ಧರ್ಮಚಿಂತನೆಗೆ ಹಾಗೆ ಕಣ್ಣು ಹಾಯಿಸಿ ಮುಂದೆ ಹೋಗುವ ಸೌಲಭ್ಯ ಇಲ್ಲ. ಅದು ಯಾವಾಗಲೂ ಎದುರಿಗಿರುವ ಒಂದರ ಬಗ್ಗೆ ಕೇಳುತ್ತದೆ. ಈ ಎರಡು ಲೆಕ್ಕಗಳನ್ನು ಒಂದೇ ಎಂದು ತಿಳಿದುಕೊಂಡಿರುವುದೇ ಇಲ್ಲಿಯ ತೊಡಕು ಎಂದು ನನ್ನ ಅಭಿಪ್ರಾಯ. ಮೀನನ್ನು ನೀರಿಗೆ ಬಿಟ್ಟವನ ಮುಖದಲ್ಲಿ ಒಂದು ಸಮಾಧಾನ ಮೂಡುತ್ತದಲ್ಲ, ಕಾಯಿದೆ ಪಾಲಿಸಿದ್ದಕ್ಕೆ ಅಷ್ಟು ಸಮಾಧಾನ ಯಾರಿಗೂ ಬರುವುದಿಲ್ಲ. ದಯೆ ತೋರಿಸಿದೆ ಎಂದುಕೊಂಡಾಗ ಬರುವ ಸಮಾಧಾನ ಅದು.

ಇಲ್ಲಿ ಮನುವಿನ ಕಥೆ ಹೇಳಲೇಬೇಕು. ಶತಪಥ ಬ್ರಾಹ್ಮಣದಲ್ಲಿ ಬರುವ ಕಥೆ. ದಶಾವತಾರದ ಮೊದಲ ಅವತಾರವಾಗಿ ನಮಗೆಲ್ಲ ಗೊತ್ತಿರುವುದರ ಹಳೆಯ ರೂಪ. ಬೆಳಿಗ್ಗೆ ಕೈತೊಳೆಯಲು ತಂದ ನೀರಿನಲ್ಲಿ ಮನುವಿನ ಕೈಗೆ ಒಂದು ಸಣ್ಣ ಮೀನು ಬರುತ್ತದೆ. ನನ್ನನ್ನು ಸಾಕು, ನಾನು ನಿನ್ನನ್ನು ಉಳಿಸುತ್ತೇನೆ ಎನ್ನುತ್ತದೆ. ಚಿಕ್ಕವಾಗಿರುವವರೆಗೆ ನಮಗೆ ನಾಶ ಬಹಳ, ಮೀನನ್ನು ಮೀನೇ ನುಂಗುತ್ತದೆ; ಮೊದಲು ಕೊಡದಲ್ಲಿಡು, ಅದನ್ನು ಮೀರಿ ಬೆಳೆದಾಗ ಗುಂಡಿ ತೋಡಿ ಅದರಲ್ಲಿಡು, ಅದನ್ನೂ ಮೀರಿದಾಗ ಸಮುದ್ರಕ್ಕೆ ಬಿಡು, ಆಗ ನಾನು ನಾಶದಿಂದ ಆಚೆ ಎಂದು ವಿವರಿಸುತ್ತದೆ. ಮನು ಹಾಗೆಯೇ ಮಾಡುತ್ತಾನೆ.

ಚಿಕ್ಕದನ್ನು ಕಾಯಬೇಕು, ಒಂದು ಅಳತೆ ಮೀರುವವರೆಗೆ ಕಾಯಬೇಕು ಎಂಬುದು ಲೇನಿಯರ್‌ನ ನಿಯಮ. ಮನುವಿನ ಕಥೆಯ ನಿಯಮವೂ ಅದೇ. ಆದರೆ ಮನು ಅಳತೆ ಮೀರಿದ ಮೀನನ್ನು ಸಮುದ್ರಕ್ಕೆ ಒಯ್ದು ಬಿಟ್ಟ. ನಾವು ಅಳತೆ ಮೀರಿದ್ದನ್ನು ಬುಟ್ಟಿಗೆ ಹಾಕುತ್ತೇವೆ. ನಮ್ಮ ಕಾವಲು ಮುಗಿಯುವಲ್ಲೇ ಅದರ ಅಪಾಯ ಶುರು. ಈ ವ್ಯತ್ಯಾಸ ಮನಸ್ಸಿಗೆ ಬಂದ ದಿನದಿಂದ ಶಾರ್ಟ್ ಮೀನನ್ನು ಬಿಡುವಾಗ ಪುಣ್ಯ ಮಾಡಿದೆ ಎಂದು ಅನಿಸುವುದು ನನಗೆ ನಿಂತುಹೋಯಿತು. ಮುಂದೆ ತೆಗೆಯುವುದಕ್ಕಾಗಿ ಈಗ ಬಿಟ್ಟದ್ದು ಸಾಲಕೊಟ್ಟ ಹಾಗೆ; ದಾನದ ಲೆಕ್ಕಕ್ಕೆ ಬರುವುದಿಲ್ಲ. ಮನುವೂ ಪ್ರತಿಫಲಕ್ಕಾಗಿಯೇ ಸಾಕಿದನಲ್ಲವೇ ಎಂದು ಕೇಳಬಹುದು. ಹೌದು, ಪ್ರಳಯದಲ್ಲಿ ಆ ಮೀನೇ ಅವನ ಹಡಗನ್ನು ಎಳೆಯಿತು. ಆದರೆ ಆ ಒಪ್ಪಂದದಲ್ಲಿ ಎರಡೂ ಕಡೆಯವರು ಬದುಕಿದರು.

ನಮ್ಮ ನೆರೆಯವರೊಬ್ಬರು ಬ್ಯಾಪ್ಟಿಸ್ಟ್ ಚರ್ಚಿನ ಹಿರಿಯರು, ಲೇನಿಯರ್‌ನ ಒಂದೊಂದು ಮೂಲೆಯನ್ನೂ ಬಲ್ಲವರು. ಅವರು ಇದಕ್ಕೆ ಬೈಬಲಿನ ಧರ್ಮೋಪದೇಶಕಾಂಡದಿಂದ ಒಂದು ವಿಧಿ ತೋರಿಸಿದರು. ದಾರಿಯಲ್ಲಿ ಹಕ್ಕಿಯ ಗೂಡು ಕಂಡು, ತಾಯಿ ಮರಿಗಳ ಮೇಲೆ ಕೂತಿದ್ದರೆ, ಮರಿಗಳನ್ನು ತೆಗೆದುಕೊಳ್ಳಬಹುದು, ತಾಯಿಯನ್ನು ಮಾತ್ರ ಹೋಗಗೊಡಬೇಕು. ಲೇನಿಯರ್‌ನ ನಿಯಮಕ್ಕೆ ಇದು ಪೂರಾ ತಿರುಗುಮುರುಗು. ಅಲ್ಲಿ ಚಿಕ್ಕದು ಉಳಿಯಬೇಕು, ಇಲ್ಲಿ ತಾಯಿ. ಇತ್ತೀಚಿನ ಮೀನುಗಾರಿಕೆ ವಿಜ್ಞಾನ ಈ ಹಳೆಯ ವಿಧಿಯ ಕಡೆಗೇ ಸ್ವಲ್ಪ ವಾಲಿದೆ ಎನ್ನಬೇಕು. ಕೆಲವು ಜಲಾಶಯಗಳಲ್ಲಿ ಒಂದು ಅಳತೆಗಿಂತ ಚಿಕ್ಕವನ್ನೂ ಇನ್ನೊಂದು ಅಳತೆಗಿಂತ ದೊಡ್ಡವನ್ನೂ ಒಯ್ಯಲು ಬಿಟ್ಟು ನಡುವಿನವನ್ನು ಕಾಯುತ್ತಾರೆ. ದೊಡ್ಡ ಹೆಣ್ಣು ಮೀನು ಚಿಕ್ಕದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಮೊಟ್ಟೆಯಿಡುವುದರಿಂದ, ಕೆಲವೆಡೆ ದೊಡ್ಡವನ್ನೇ ಕಾಯುತ್ತಾರೆ. ನೆರೆಯವರಿಗೆ ಇದರಲ್ಲಿ ಗೊಂದಲವೇ ಇಲ್ಲ. ಮೀನು ದೇವರದು, ನಾವು ಪಾರುಪತ್ಯಗಾರರು, ಯಜಮಾನ ಕೇಳಿದಾಗ ಲೆಕ್ಕ ಒಪ್ಪಿಸಬೇಕು ಎನ್ನುವುದು ಅವರ ನಂಬಿಕೆ. ಅವರ ನಿಷ್ಠೆ ನನಗೆ ದೊಡ್ಡದು. ಆದರೆ ಅವರ ಲೆಕ್ಕದಲ್ಲೂ ಯಜಮಾನನಿಗೆ ಒಪ್ಪಿಸುವುದು ಮಂದೆಯ ಲೆಕ್ಕವೇ.

ಅಶೋಕನನ್ನೂ ನೆನೆಯಬೇಕು. ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಿದೆ, ಅದರಲ್ಲಿ ಕೆಲವು ಬಗೆಯ ಮೀನುಗಳೂ ಇವೆ. ಹುಣ್ಣಿಮೆಯ ಆಸುಪಾಸಿನ ದಿನಗಳು, ಉಪೋಸಥದ ವ್ರತದ ದಿನಗಳು, ಇಂಥ ಗೊತ್ತಾದ ದಿನಗಳಲ್ಲಿ ಮೀನು ಕೊಲ್ಲಲೂಬಾರದು, ಮಾರಲೂಬಾರದು. ಅವನು ಮೀನು ಹಿಡಿಯುವುದನ್ನು ಪೂರ್ತಿ ನಿಲ್ಲಿಸಲಿಲ್ಲ. ಹಿಡಿಯುವವನ ಕೈಯನ್ನು ಆಗಾಗ ತಡೆದ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ ಗುಂಪುಗಟ್ಟುವ ಮೀನುಗಳಿಗೆ ಮಂಡಕ್ಕಿ ಹಾಕಿದ ನೆನಪು ನಮ್ಮಲ್ಲಿ ಬಹಳ ಜನಕ್ಕಿದೆ. ಅಲ್ಲಿ ಮಿತಿ ಇರುವುದು ಜಾಗಕ್ಕೆ. ಆ ಮೆಟ್ಟಿಲ ಬಳಿ ಗೇಣುದ್ದದ್ದೂ ಮೊಳದುದ್ದದ್ದೂ ಒಂದೇ, ಯಾರೂ ಮುಟ್ಟುವುದಿಲ್ಲ. ನಾನು ಚಿಕ್ಕವನಿದ್ದಾಗ ಅಲ್ಲಿಗೆ ಹೋಗಿ, ಮೀನು ಹಿಡಿಯುವವರ ಮಗನಾಗಿ, ಇಷ್ಟು ಮೀನನ್ನು ಸುಮ್ಮನೆ ಬಿಟ್ಟಿದ್ದಾರಲ್ಲ ಎಂದು ಬೆರಗಾಗಿದ್ದೆ. ಅಪ್ಪ ಚಪ್ಪಲಿ ಬಿಟ್ಟು ನಿಂತು ಕೈಮುಗಿದರು. ಮರುದಿನ ಅವರು ಮತ್ತೆ ಬಲೆ ಎಳೆದರು. ಎರಡರಲ್ಲೂ ಅವರು ಪ್ರಾಮಾಣಿಕರಾಗಿದ್ದರು.

ಕಾಯಿದೆ ಮತ್ತು ದಯೆ ಎರಡೂ ಬೇರೆ ದಾರಿ ಹಿಡಿಯುವುದು ನಡುಬೇಸಗೆಯಲ್ಲಿ. ಸ್ಪಾಟೆಡ್ ಬಾಸ್ ಲಾರ್ಜ್‌ಮೌತ್‌ನಂತೆ ದಡದ ಕಳೆಯಲ್ಲಿ ಕೂರುವ ಮೀನಲ್ಲ. ಜುಲೈಯಲ್ಲಿ ಮೇಲ್ನೀರು ಕಾದಾಗ ಲೇನಿಯರ್‌ನ ಸ್ಪಾಟ್‌ಗಳು ಮೂವತ್ತಡಿಯಷ್ಟು ಆಳಕ್ಕಿಳಿದು, ಮುಳುಗಿಸಿಟ್ಟ ಮರದ ಕೊಂಬೆರಾಶಿಗಳ ಮೇಲೆ ತೇಲುತ್ತಿರುತ್ತವೆ. ಸೋನಾರ್ ಪರದೆಯಲ್ಲಿ ಒಂದೊಂದೂ ಗೆರೆಗೆರೆಯಾಗಿ ಕಾಣುತ್ತದೆ. ನೇರ ಕೆಳಗೆ ಗಾಳ ಬಿಟ್ಟರೆ ಹಿಡಿಯುವುದು ಕಷ್ಟವಲ್ಲ. ಕಷ್ಟ ಶುರುವಾಗುವುದು ಮೇಲೆ ಬಂದ ಮೇಲೆ. ಮೂವತ್ತಮೂರಡಿ ನೀರಿನ ಕೆಳಗೆ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿಂದ ಎಳೆದು ತಂದಾಗ ಮೀನಿನ ಗಾಳಿಚೀಲದ ಗಾಳಿ ಎರಡರಷ್ಟು ಹಿಗ್ಗುತ್ತದೆ. ಕೆಲವು ಜಾತಿಯ ಮೀನುಗಳಿಗೆ ಗಾಳಿಚೀಲದಿಂದ ಗಂಟಲಿಗೆ ಕೊಳವೆಯಿದೆ, ತೇಗಿದಂತೆ ಗಾಳಿ ಬಿಡಬಲ್ಲವು. ಬಾಸ್‌ಗೆ ಆ ಕೊಳವೆ ಇಲ್ಲ. ಗಾಳಿ ರಕ್ತದೊಳಕ್ಕೆ ನಿಧಾನವಾಗಿ ಇಂಗಬೇಕು, ಅಷ್ಟು ಹೊತ್ತು ಅದಕ್ಕೆ ಸಿಗುವುದಿಲ್ಲ. ಹೊಟ್ಟೆ ಬಿಗಿದು ಗಟ್ಟಿಯಾಗುತ್ತದೆ. ನೀರಿಗೆ ಬಿಟ್ಟರೆ ಬಾಲ ಬಡಿದು ಎರಡಡಿ ಇಳಿದು ಮತ್ತೆ ಮೇಲೆ ಬರುತ್ತದೆ, ಒಂದು ಮಗ್ಗುಲಾಗಿ ತೇಲುತ್ತದೆ.

ಅಂಥದೊಂದು ಸಂಜೆ ಮೂಡುಬಿದಿರೆ ಕಡೆಯ ಜೈನ ಗೆಳೆಯರೊಬ್ಬರು ನನ್ನ ದೋಣಿಯಲ್ಲಿದ್ದರು, ಕೆರೆ ನೋಡಲೆಂದು ಬಂದವರು. ಮೇಲೆ ಬಂದ ಮೀನು 14ಕ್ಕೆ ಅರ್ಧ ಇಂಚು ಕಡಿಮೆ. ಬಿಟ್ಟೆ. ಅದು ಇಳಿಯಲಿಲ್ಲ. ದೋಣಿಯಿಂದ ಸ್ವಲ್ಪ ದೂರದಲ್ಲಿ ಬಿಳಿ ಹೊಟ್ಟೆ ಮೇಲಾಗಿ, ಒಂದು ಕಿವಿರು ಗಾಳಿಯಲ್ಲಿ ತೆರೆಯುತ್ತ ಮುಚ್ಚುತ್ತ ಇತ್ತು. ಗೆಳೆಯರು ಬಹಳ ಹೊತ್ತು ನೋಡಿ, ಇದನ್ನು ನೀವು ಊಟಕ್ಕೆ ಒಯ್ದಿದ್ದರೆ ತಪ್ಪೇನು ಎಂದು ಕೇಳಿದರು. ಹುಟ್ಟಿದಂದಿನಿಂದ ಮೀನು ಮುಟ್ಟದ ಮನೆಯವರು ಕೇಳಿದ ಮಾತು ಅದು. ಕಾಯಿದೆ ಒಪ್ಪುವುದಿಲ್ಲ ಎಂದೆ. ಹಾಗಾದರೆ ಇದು ಯಾರ ಹೊಟ್ಟೆಗೆ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಒಂದು ಹದ್ದು ಬಂದು ಎತ್ತಿಕೊಂಡು ಹೋಯಿತು.

ಕಾಯಿದೆ ಇಲ್ಲಿ ತಪ್ಪು ಎಂದು ನಾನು ಹೇಳುವುದಿಲ್ಲ. ಸಾಯುವ ಹಾಗಿರುವ ಶಾರ್ಟ್ ಮೀನನ್ನು ಒಯ್ಯಬಹುದು ಎಂದರೆ ಎಲ್ಲ ಶಾರ್ಟ್ ಮೀನುಗಳೂ ಮರುದಿನದಿಂದ ಸಾಯುವ ಹಾಗೆಯೇ ಆಗಿಬಿಡುತ್ತವೆ. ಮನುಷ್ಯರ ಸ್ವಭಾವ ಬಲ್ಲವರು ಬರೆದ ಕಾಯಿದೆ ಅದು. ಆದರೆ ಗೆಳೆಯರು ಆ ರಾತ್ರಿ ಹೇಳಿದ್ದು ನನ್ನಲ್ಲಿ ಉಳಿಯಿತು. ಉಮಾಸ್ವಾಮಿಯ ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹಾನಿ ಎಂದಷ್ಟೇ ಹೇಳಿಲ್ಲ, ಪ್ರಮಾದದಿಂದ ಆದ ಪ್ರಾಣಹಾನಿ ಎಂದಿದೆ. ಎಚ್ಚರಗೇಡಿತನ, ಕ್ರೋಧ, ಲೋಭದಂಥ ಕಷಾಯದಿಂದ ಮಂಕಾದ ಮನಸ್ಸು, ಅಲ್ಲಿ ಹಿಂಸೆ ಹುಟ್ಟುತ್ತದೆ. ಈ ಮಾತನ್ನು ಲೇನಿಯರ್‌ಗೆ ಇಟ್ಟು ನೋಡಿದರೆ, ತೂಕವೆಲ್ಲ ಅಳತೆಪಟ್ಟಿಯಿಂದ ಹಿಂದಕ್ಕೆ ಸರಿಯುತ್ತದೆ. ಮೀನು ಪಟ್ಟಿಯ ಮೇಲೆ ಬರುವ ಹೊತ್ತಿಗೆ ನಿರ್ಣಯ ಆಗಿಹೋಗಿರುತ್ತದೆ. ಜುಲೈಯಲ್ಲಿ ಮೂವತ್ತಡಿಗೆ ಗಾಳ ಇಳಿಬಿಡುವಾಗ, ಬರುವುದರಲ್ಲಿ ಹೆಚ್ಚಿನವು ಶಾರ್ಟ್ ಎಂದೂ, ಶಾರ್ಟ್ ಆದವು ಕೆಳಗಿಳಿಯುವುದು ಕಷ್ಟವೆಂದೂ ತಿಳಿದಿದ್ದರೆ, ಪ್ರಮಾದ ಆಗಲೇ ಆಯಿತು. ಆಮೇಲೆ ಬಿಡುವುದು, ಒಯ್ಯುವುದು ಎರಡೂ ಅದನ್ನು ತೊಳೆಯುವುದಿಲ್ಲ.

ಅಹಿಂಸೆಯನ್ನು ಇಷ್ಟು ದೂರ ಎಳೆದರೆ ಗಾಳವನ್ನೇ ಬಿಸಾಡಬೇಕಲ್ಲವೇ? ಗೆಳೆಯರ ಮಾರ್ಗ ಅದೇ, ಅದರಲ್ಲಿ ಒಡಕಿಲ್ಲ. ನನಗೆ ದಾರಿ ತೋರಿದ್ದು ವನಪರ್ವದ ಧರ್ಮವ್ಯಾಧ. ಕೊಕ್ಕರೆಯನ್ನು ಕೋಪದ ಕಣ್ಣಿನಿಂದಲೇ ಸುಟ್ಟ ಕೌಶಿಕನಿಗೆ ಮಿಥಿಲೆಯ ಮಾಂಸದಂಗಡಿಯಲ್ಲಿ ಕೂತು ಧರ್ಮ ಹೇಳುವವನು. ನೇಗಿಲು ಹೂಡಿದರೆ ಮಣ್ಣೊಳಗಿನ ಜೀವ ಸಾಯುತ್ತದೆ, ಕಾಳಿನಲ್ಲೂ ಜೀವವಿದೆ, ನಡೆದರೆ ಕಾಲಡಿಯಲ್ಲಿ ಸಾಯುತ್ತದೆ, ಹಿಂಸೆ ಇಲ್ಲದವರು ಯಾರೂ ಇಲ್ಲ. ಅಹಿಂಸೆಯಲ್ಲಿ ನಿಂತ ಯತಿಗಳೂ ಮಾಡುತ್ತಾರೆ, ಪ್ರಯತ್ನದಿಂದ ಅದನ್ನು ಕಡಿಮೆ ಮಾಡಿಕೊಳ್ಳುತ್ತಾರೆ ಎಂಬುದು ಅವನ ವಾದದ ತಿರುಳು. ಕಡಿಮೆ ಮಾಡಿಕೊಳ್ಳುವ ಪ್ರಯತ್ನ ಎಂಬಲ್ಲಿ ನನ್ನ ಅಪ್ಪನಿಗೂ ಜಾಗವಿದೆ, ನನಗೂ ಇದೆ. ಹಿಡಿದದ್ದು ಅನ್ನದ ಜೊತೆ ತಟ್ಟೆಗೆ ಬಂದಾಗ ಅಪ್ಪ ಒಂದು ಮುಳ್ಳಿನ ಮೇಲೂ ಮಾಂಸ ಬಿಡುತ್ತಿರಲಿಲ್ಲ. ಅನ್ನಕ್ಕೆ ಎಷ್ಟು ಗೌರವವೋ ಮೀನಿಗೂ ಅಷ್ಟೇ.

ಇಲ್ಲಿ ಅದರ ಎದುರು ದಿಕ್ಕಿನ ಒಂದು ಧರ್ಮ ಬೆಳೆದುನಿಂತಿದೆ. 1972ರಲ್ಲಿ ರೇ ಸ್ಕಾಟ್ ಎಂಬವರು ತಮ್ಮ ಬಾಸ್ ಪಂದ್ಯಗಳಲ್ಲಿ ಹಿಡಿದ ಮೀನನ್ನು ಕೊಲ್ಲದೆ ಬಿಡುವ ಪದ್ಧತಿ ತಂದರು. ಅದಕ್ಕೆ ಮೊದಲು ಪಂದ್ಯ ಮುಗಿದ ಮೇಲೆ ಸತ್ತ ಮೀನಿನ ಸರಗಳನ್ನು ಎತ್ತಿ ತೋರಿಸುತ್ತಿದ್ದ ಕಾಲ. ಅದನ್ನು ನಿಲ್ಲಿಸಿದ್ದು ದೊಡ್ಡ ಕೆಲಸವೇ. ಆದರೆ ಈಗ ಬಾಸ್ ತಿನ್ನುತ್ತೇನೆ ಎಂದರೆ ಮುಖ ಹಿಂಡುವ ಗಾಳದವರು ಬಹಳ. ಇಡೀ ದಿನ ಹಿಡಿದು ಹಿಡಿದು ಬಿಡುವವನು ಸಭ್ಯ, ಎರಡು ಒಯ್ದು ಸಾರು ಮಾಡುವವನು ಒರಟ. ಇದನ್ನು ನಾನು ಒಪ್ಪಲಾರೆ. ಹಸಿವಿಗಾಗಿ ಕೊಂದದ್ದಕ್ಕೆ ಒಂದು ಮೇರೆಯಿದೆ, ಹೊಟ್ಟೆ ತುಂಬಿದಲ್ಲಿ ಅದು ನಿಲ್ಲುತ್ತದೆ. ಜಗ್ಗಾಟದ ಸುಖಕ್ಕಾಗಿ ಕೊಕ್ಕೆ ಚುಚ್ಚುವುದಕ್ಕೆ ಮೇರೆಯೇ ಇಲ್ಲ. ದಿನಕ್ಕೆ 10 ಬಾಸ್ ಎಂಬ ಜಾರ್ಜಿಯಾದ ಮಿತಿ ಒಯ್ಯುವವನಿಗೆ, ಬಿಡುವವನನ್ನು ಅದು ಎಣಿಸುವುದಿಲ್ಲ.

ಇನ್ನು ಮಿತಿಯೇ ಇಲ್ಲದ ಕಡೆಯ ಮಾತು. ಲೇನಿಯರ್‌ನಲ್ಲಿ ನಾವು ಸ್ಪಾಟೆಡ್ ಬಾಸ್ ಎನ್ನುವುದನ್ನು ವಿಜ್ಞಾನಿಗಳು 2008ರಿಂದ ಅಲಬಾಮಾ ಬಾಸ್ ಎಂಬ ಬೇರೆ ಜಾತಿಯಾಗಿ ಗುರುತಿಸುತ್ತಾರೆ. ಇದರ ಮೂಲ ಕೂಸಾ, ಟಲಪೂಸಾ, ಅಲಬಾಮಾ ನದಿಗಳು. ಲೇನಿಯರ್ ನಿಂತಿರುವ ಚಟ್ಟಹೂಚಿ ನದಿಗೆ ಇದು ಬಂದದ್ದು ಮನುಷ್ಯರ ಕೈಯಿಂದ. ಆ ನದಿಯ ಸ್ವಂತ ಮೀನು ಶೋಲ್ ಬಾಸ್, ಬಂಡೆಗಳ ಮೇಲೆ ಹರಿಯುವ ನೀರನ್ನು ನೆಚ್ಚಿದ್ದು. 1950ರ ದಶಕದಲ್ಲಿ ಬ್ಯೂಫರ್ಡ್ ಅಣೆಕಟ್ಟು ಕಟ್ಟಿದಾಗ ಇಲ್ಲಿನ ಹರಿನೀರೆಲ್ಲ ನಿಂತ ನೀರಾಯಿತು, ಶೋಲ್ ಬಾಸ್‌ಗೆ ಜಾಗವಿಲ್ಲದಾಯಿತು. ಉಳಿದಲ್ಲಿ ಹೊರಗಿನಿಂದ ಬಂದ ಬಾಸ್‌ಗಳೊಡನೆ ಕೂಡಿ ಅದರ ತಳಿ ಕಲಸುತ್ತಿದೆ. ಉತ್ತರ ಕೆರೊಲಿನಾದ ಲೇಕ್ ನಾರ್ಮನ್‌ಗೆ 2000ದ ಸುಮಾರಿಗೆ ಯಾರೋ ಗಾಳದವರು ಅಲಬಾಮಾ ಬಾಸ್ ತಂದು ಬಿಟ್ಟರು, ಅಲ್ಲಿ ಲಾರ್ಜ್‌ಮೌತ್ ಹಿಂದೆ ಬಿತ್ತು. ಆ ರಾಜ್ಯದ ವನ್ಯಜೀವಿ ಇಲಾಖೆ ಈಗ ಜನರಿಗೆ ಹೇಳುವುದು, ಹಿಡಿದದ್ದನ್ನು ಬಿಡಬೇಡಿ, ಒಯ್ದು ತಿನ್ನಿ ಎಂದು. ಲೇನಿಯರ್‌ನಲ್ಲಿ 14 ಇಂಚಿನವರೆಗೆ ಕಾವಲಿರುವ ಜೀವ ಅಲ್ಲಿ ಮುಗಿಸಬೇಕಾದ ಪೀಡೆ.

ಜೀವಶಾಸ್ತ್ರಜ್ಞರ ಆತಂಕ ನಿಜವಾದದ್ದು, ಅವರು ಹೇಳಿದ ಹಾಗೆ ಮಾಡಬೇಕು. ನನಗೆ ಹಿಡಿಸದ್ದು ಅದರ ಜೊತೆ ದೋಣಿಕಟ್ಟೆಗಳಲ್ಲಿ ಕೇಳಿಬರುವ ದ್ವೇಷದ ಮಾತು, ಮೀನು ತಾನಾಗಿ ದಂಡೆತ್ತಿ ಬಂದಿತೋ ಎಂಬಂತೆ. ನಾನು ವಾಸವಿರುವ ಫೋರ್ಸೈತ್ ಕೌಂಟಿಯಿಂದ 1912ರಲ್ಲಿ ಸಾವಿರಕ್ಕೂ ಹೆಚ್ಚು ಕಪ್ಪು ಜನರನ್ನು ಬೆದರಿಸಿ ಓಡಿಸಲಾಯಿತು. ಹುಟ್ಟಿ ಬೆಳೆದವರನ್ನೇ ಹೊರಗಿನವರೆಂದ ನೆಲ ಇದು. ಇಲ್ಲಿಗೆ ಎಲ್ಲಿಂದಲೋ ಬಂದು ನೆಲೆಸಿದ ನಾನು ಯಾವ ಜೀವಿಗೂ ಬಂದವನು ಎಂಬ ಕಾರಣಕ್ಕೆ ಪಾಪ ಹೊರಿಸಲಾರೆ. ಕೆರೆಯ ಹಿತಕ್ಕೆ ಅಲಬಾಮಾ ಬಾಸ್ ಕಡಿಮೆಯಾಗಬೇಕಾದರೆ ಹಿಡಿದು, ಬೇಗ ಕೊಂದು, ಅಡುಗೆ ಮಾಡಿ ಉಣ್ಣೋಣ. ತಂದವನ ತಪ್ಪಿಗೆ ಸಾಯುತ್ತಿರುವುದು ಮೀನು ಎಂಬ ತಿಳಿವಿನೊಡನೆ ಉಣ್ಣೋಣ. ದಡಕ್ಕೆಸೆದು ಕೊಳೆಯಬಿಡುವುದು ಯಾವ ರಾಜ್ಯದ ಕಾಯಿದೆಯಲ್ಲಿ ಏನೇ ಇರಲಿ, ಹಿಂಸೆಯೇ.

ಕಾಯಿದೆ ಕೆರೆಯನ್ನು ಕಾಯಲಿ. ಕೈಗೆ ಬಂದ ಒಂದು ಮೀನಿನ ಹೊಣೆ ಹಿಡಿದವನದು, ಅದನ್ನು ಇಂಚಿನ ಮೇಲೆ ಹಾಕಿ ಪಾರಾಗಲು ಬರುವುದಿಲ್ಲ. ನಾನೀಗ ಮನೆಗೆ ಮೀನು ಬೇಕಾದ ವಾರ ಮಾತ್ರ ಹೋಗುತ್ತೇನೆ, ಬೇಕಾದಷ್ಟು ಸಿಕ್ಕ ಕೂಡಲೇ ದಾರ ಸುತ್ತುತ್ತೇನೆ. ಇನ್ನೂ ಬೆಳಕಿದೆ, ಇನ್ನೂ ಕಚ್ಚುತ್ತಿವೆ ಎಂದು ಪಕ್ಕದ ದೋಣಿಯವರು ಕೂಗಿದರೂ ಸರಿ.

ಲೇನಿಯರ್‌ಗೆ ಗಾಳ ಹಿಡಿದು ಬರುವ ನಮ್ಮ ಕನ್ನಡದ ತರುಣರಲ್ಲಿ ಒಂದು ಬಿನ್ನಹ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂವತ್ತಡಿಯ ಆಳಕ್ಕೆ ಗಾಳ ಬಿಡಬೇಡಿ. ಮುಂಜಾನೆ ದಡದ ಹತ್ತಿರ, ಆಳವಿಲ್ಲದಲ್ಲಿ ಹಿಡಿಯಿರಿ. ಅಲ್ಲಿ ಬಿಟ್ಟ ಶಾರ್ಟ್ ಮೀನು ಬದುಕುವ ಸಾಧ್ಯತೆ ಹೆಚ್ಚು. ಆಳದಲ್ಲೇ ಹಿಡಿಯುವುದಾದರೆ ತುಟಿಗೆ ಸಿಕ್ಕಿಸಿ ಭಾರದೊಡನೆ ಮೀನನ್ನು ಮತ್ತೆ ಕೆಳಗಿಳಿಸುವ ಕ್ಲಿಪ್ಪು ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ದೋಣಿಯಲ್ಲಿ ಇಟ್ಟುಕೊಳ್ಳಿ, ಬಳಸುವುದನ್ನು ಕಲಿಯಿರಿ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಅದುಮಿ ಮಟ್ಟ ಮಾಡಿ. ಅಳತೆಪಟ್ಟಿಯನ್ನು ಮೊದಲು ನೀರಿನಲ್ಲಿ ಒದ್ದೆ ಮಾಡಿ, ಆಮೇಲೆ ಮೀನನ್ನು ಅದರ ಮೇಲೆ ಇಡಿ.